ಶನಿವಾರದ ಎಂಟು ಗಂಟೆ

ನಮ್ಮ ಪತಗೋನಿಯಾದ ಈ ಬಯಲಿಗೆ
ರೈಲು ವಾರಕ್ಕೊಂದೇ.
ಸಮುದ್ರದ ಕಡೆಯಿಂದ ಶುಕ್ರವಾರ ಸಂಜೆ ಹೊರಟು
ರಾತ್ರಿಯಿಡೀ ಮುಳ್ಳುಕಂಟಿ ದಾಟಿ
ಬೆಟ್ಟಗಳ ಕಡೆ ಹೋಗುವಾಗ
ಶನಿವಾರ ಎಂಟಕ್ಕೆ ನಮ್ಮ ತಿರುವಿಗೆ ಬರುತ್ತದೆ.
ಎಂಟಕ್ಕೆಂದರೆ ಎಂಟಕ್ಕೆ. ಇಲ್ಲವೆ ಒಂಬತ್ತೂವರೆಗೆ.
ಒಮ್ಮೆ ಭಾನುವಾರ.

ವರ್ಷಕ್ಕೆ ಐವತ್ತೆರಡು ಸಲ. ಅದರಲ್ಲಿ
ಮೋಡ ನುಂಗಿದ್ದು, ಮುಷ್ಕರ ತಿಂದದ್ದು,
ವಸತಿಶಾಲೆಯ ಒಲೆ ಹತ್ತದೆ ನಾನೇ ತಡಮಾಡಿದ್ದು
ಕಳೆದರೆ ಉಳಿಯುವುದು ಹದಿನೈದು.
ಹದಿನೈದರಲ್ಲಿ ಕುರಿ ಅಡ್ಡ ಬಂದವು ನಾಲ್ಕು.

ಕ್ಯಾಮೆರಾ ಸೋವಿಯತ್ ದೇಶದ್ದು. ಊರು ಬಿಡುವಾಗ
ಪಶುವೈದ್ಯ ಗೊರೊಸಿತೊ ಎರಡು ಕುರಿಮರಿ ತಗೊಂಡು ಕೊಟ್ಟದ್ದು.
ಇಟ್ಟಿಗೆಯಷ್ಟು ಭಾರ. ಗುಂಡಿ ಒತ್ತಿದರೆ
ಪಾತ್ರೆಯ ಮುಚ್ಚಳ ಬಿದ್ದಂಥ ಸದ್ದು.
ಅಡುಗೆಯವಳಿಗೆ ತಕ್ಕದ್ದೇ, ಅಂದರು ಜನ.

ಜನವರಿ ನಮಗೆ ಬೇಸಿಗೆ.
ಎಂಟಕ್ಕೆಲ್ಲ ಬಿಸಿಲು, ಕರೆಯದ ನೆಂಟನ ಹಾಗೆ,
ಬಂದು ಚಕ್ಕಳಮಕ್ಕಳ ಹಾಕಿ ಕೂತಿರುತ್ತದೆ.
ರೈಲು ಇಡಿಯಾಗಿ ಸಿಗುತ್ತದೆ: ಸಿಪ್ಪೆ ಎದ್ದ ನೀಲಿ ಬಣ್ಣ,
ಊಟದ ಬೋಗಿಯ ಪರದೆ, ಬಾಲದಲ್ಲಿ ಹೇರಿದ ಮೋಟಾರು ಕಾರು,
ಹಿಂದೆ ಎರಡು ಮೈಲಿ ಧೂಳು.
ಇಷ್ಟೆಲ್ಲ ಸಿಕ್ಕೂ
ಆ ಚಿತ್ರಗಳನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ಏಪ್ರಿಲಿನಲ್ಲಿ ಪಾಪ್ಲರ್ ಮರಗಳು ಹಳದಿಯಾದಾಗ
ಸೂರ್ಯನೂ ರೈಲೂ ಒಂದೇ ಬಾಗಿಲಲ್ಲಿ
ಒಟ್ಟಿಗೆ ನುಗ್ಗಲು ನೋಡುತ್ತವೆ.
ಬೆಳಕು ಆ ಕಿಟಕಿ ಹೊಕ್ಕು ಈ ಕಿಟಕಿ ಹೊರಡುತ್ತದೆ;
ನಡುವೆ ಸಿಕ್ಕಿಬಿದ್ದವರು ಬರೀ ಕಪ್ಪು.
ಒಬ್ಬಳು ಯಾರಿಗೋ ಜಡೆ ಹೆಣೆಯುತ್ತಿದ್ದಳು.
ಮುಖ ತಿಳಿಯದು. ಎತ್ತಿದ ಮೊಣಕೈ ಮಾತ್ರ
ಇವತ್ತಿಗೂ ಅಡುಗೆಮನೆ ಗೋಡೆಯ ಮೇಲಿದೆ.

ಜುಲೈ: ಎಂಟಾದರೂ ಕತ್ತಲೆ.
ರೀಲು ಚಳಿಗೆ ಹಪ್ಪಳದಂತೆ ಮುರಿಯುತ್ತದೆ,
ಅದಕ್ಕೆ ಕ್ಯಾಮೆರಾ ಸೆರಗಿಲ್ಲದ ನನ್ನ ಎದೆಯಲ್ಲಿ,
ಉಣ್ಣೆಯ ಮೂರು ಪದರದೊಳಗೆ.
ಹಿಮದ ಮೇಲೆ ರೈಲೆಂಬುದೇ ಇರುವುದಿಲ್ಲ,
ಹಳದಿ ಕಿಟಕಿಗಳ ಒಂದು ಸಾಲು,
ಯಾರೋ ಬರೆದು, ಓದುವುದರೊಳಗೆ
ಒರೆಸಿಬಿಟ್ಟದ್ದು.

ಅಕ್ಟೋಬರಿನದು ಕೇಳಬೇಡಿ.
ಗಾಳಿ.

ಮುಗಿದ ರೀಲನ್ನು ಉಣ್ಣೆಯ ಕಾಲುಚೀಲದಲ್ಲಿ ತುಂಬಿ
ಕೋಲಿನ ತುದಿಗೆ ಕಟ್ಟಿ ಹಿಡಿಯುತ್ತೇನೆ.
ತಿರುವಿನಲ್ಲಿ ರೈಲು ನಿಧಾನವಾದಾಗ
ಗಾರ್ಡ್ ಒವಿದಿಯೋ ಲಿಂಕೋನಾವೊ ಕೈಚಾಚಿ ಕಿತ್ತುಕೊಳ್ಳುತ್ತಾನೆ.
ಬೆಟ್ಟದೂರಿನ ಸ್ಟುಡಿಯೋ ತನಕ
ತನ್ನ ಚಿತ್ರ ತಾನೇ ಬಸಿರಲ್ಲಿ ಹೊತ್ತು ಸಾಗುತ್ತದೆ ಅದು.
ಹನ್ನೊಂದು ವರ್ಷ. ಒಮ್ಮೆ ಮಾತ್ರ ತಪ್ಪಿಸಿಕೊಂಡ;
ಆ ಚೀಲ ಇನ್ನೂ ಕಂಟಿಗಳಲ್ಲೆಲ್ಲೋ ಇದೆ.

ನಾನು ಅದನ್ನು ಹತ್ತಿದ್ದು ಒಂದೇ ಸಲ,
ದವಡೆಹಲ್ಲು ಕೀಳಿಸಲು, ಜುಲೈಯಲ್ಲೇ.
ನಮ್ಮಲ್ಲಿ ನಿಲ್ಲದ್ದರಿಂದ ಹಿಂದಿನ ಸ್ಟೇಷನ್ನಿಗೆ
ಉಣ್ಣೆ ಲಾರಿಯಲ್ಲಿ ಹೋಗಿ ಕಾದು ಹತ್ತಿದೆ.
ಊದಿದ ಕೆನ್ನೆ ಗಾಜಿಗೊತ್ತಿ ಕೂತೆ.
ಹೊರಗೆ ನೋಡಿದರೆ ನನ್ನದೇ ಮುಖ, ಅದರಾಚೆ ಏನಿಲ್ಲ.
ಇಷ್ಟು ವರ್ಷ ನಾನು ಕಾಣುತ್ತೇನೆ ಅಂದುಕೊಂಡಿದ್ದೆ.
ಕೈ ಬೀಸುತ್ತಿದ್ದೆ ಕೂಡ.

ತಿರುವು ಬಂತು. ಎಂಜಿನ್ನು ಬಾಗಿ
ಅದರ ದೀಪ ನನ್ನ ಜಾಗವನ್ನು ಸವರಿತು:
ಮುಕ್ಕಾಲಿಗೆಂದು ನಾನಿಟ್ಟ ಮೂರು ಕಲ್ಲು,
ಮೇಲೆ ಹಿಮ,
ಪಕ್ಕದಲ್ಲಿ ಎರಡು ಹಸಿರು ಚುಕ್ಕಿ.
ಕಟ್ಟಿಹಾಕೆಂದು ನೆರೆಯವರಿಗೆ ಹೇಳಿ ಬಂದಿದ್ದೆ. ಆದರೂ ನಾಯಿ,
ನಮ್ಮ ಬಟಾಟ, ಶನಿವಾರ ಮರೆತಿರಲಿಲ್ಲ.

ರೀಲಿನಲ್ಲಿ ಮೂರು ಬಾಕಿಯಿತ್ತು. ಕ್ಯಾಮೆರಾ ಮಡಿಲಲ್ಲೇ.
ತೆಗೆಯಲಿಲ್ಲ. ಬಾಗಿಲಿನಿಂದ ತಣ್ಣನೆ ಗಾಳಿ ನುಗ್ಗಿತೆಂದು
ತಿರುಗಿ ನೋಡಿದರೆ
ಒವಿದಿಯೋ, ನಾನು ಒಳಗಿರುವುದು ಗೊತ್ತಿದ್ದೂ,
ಅಭ್ಯಾಸಬಲದಿಂದ
ಕತ್ತಲೆಗೆ ಕೈಚಾಚಿ ನಿಂತಿದ್ದ.