ಟ್ರಿಪ್ ಶೀಟಿನ ಬೆನ್ನಿಗೆ

ರಾತ್ರಿ ಪಾಳಿ ಮುಗಿಸಿ ಶಿವಾಜಿನಗರದಲ್ಲಿ ಇಳಿದರೆ
ಮನೆಯ ಕಡೆಯ ಮೊದಲ ಬಸ್ಸಿಗೆ ಇನ್ನೂ ಐವತ್ತು ನಿಮಿಷ.
ಚೀಲದ ಚಿಲ್ಲರೆ ಸದ್ದಾಗದಂತೆ ಒತ್ತಿ ಹಿಡಿದು
ನಾನು ಕಡಲಿಗೆ ಹೋಗುತ್ತೇನೆ.

ನಗಬೇಡಿ. ಮೂರು ಸಾವಿರ ಅಡಿ ಎತ್ತರದ ಈ ಊರಿಗೆ
ಅದು ನಾಲ್ಕೂವರೆಗೆ ಲಾರಿಯಲ್ಲಿ ಬರುತ್ತದೆ,
ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ, ಐಸಿನಡಿ ಕಣ್ಣು ಬಿಟ್ಟುಕೊಂಡು.
ಮುಚ್ಚಳ ತೆಗೆದಾಗ ಉಬ್ಬರ.
ಐಸು ಕರಗಿ ಚರಂಡಿಗಿಳಿದರೆ ಇಳಿತ.
ನಡುವೆ ಕಲ್ಲುಹಾಸಿನ ಮೇಲೆ ನಾಲ್ಕು ಬೆರಳಗಲದ ತೀರ;
ಅದರುದ್ದಕ್ಕೂ ಬೆಕ್ಕು, ಹೆಗ್ಗಣ, ನಾನು.
ಮೇಲೆ ವಿದ್ಯುತ್ ತಂತಿಯಲ್ಲಿ
ಬೆಳಕಾಗಲೆಂದು ಕಾಯುವ ಹದ್ದುಗಳು.

ಸುಮತಿ ಕಾಂಚನ್ ಮಲ್ಪೆಯವಳು. ತಕ್ಕಡಿ ಕೆಳಗಿಡದೆ ಪಾಠ ಹೇಳುತ್ತಾಳೆ:
"ಇದು ಕಾಣೆ ಮಾರಾಯ್ತಿ. ಬಲೆ ಬರುವುದು ಗೊತ್ತಾದರೆ
ಮರಳಿಗೆ ಮೂಗು ಹಾಕಿ ಹೂತುಕೊಳ್ತದೆ.
ಇದು ನಂಗ್. ಹುಟ್ಟುವಾಗ ಎರಡು ಬದಿಗೆ ಎರಡು ಕಣ್ಣು,
ಮತ್ತೆ ಒಂದು ಕಣ್ಣು ಮೆಲ್ಲ ನಡೆದು ಈಚೆ ಬರ್ತದೆ.
ಕೆಳಗೆ ನೋಡ್ಲಿಕ್ಕೆ ಎಂತ ಉಂಟು? ಕೆಸರು."
ನಾನು ಟ್ರಿಪ್ ಶೀಟಿನ ಬೆನ್ನಿಗೆ ಬರೆದುಕೊಳ್ಳುತ್ತೇನೆ:
ನಂಗ್. ಒಂದೇ ಮಗ್ಗುಲು. ಕಣ್ಣು ವಲಸೆ.

ದಸ್ತಗೀರನ ಕತ್ತಿಗೆ ಓದು ಬರುತ್ತದೆ.
ಅಂಜಲಿನ ಹೊಟ್ಟೆ ಸೀಳಿ ಕರೆದ,
"ಅಕ್ಕಾ, ಬನ್ನಿ, ಒಳಗೆ ಪ್ಯಾಸೆಂಜರ್."
ಇಡಿಯ ಬೂತಾಯಿ, ಬೆಳ್ಳಿ ಇನ್ನೂ ಮಾಸಿಲ್ಲ.
ಅದನ್ನೂ ಸೀಳು ಅಂದೆ. ಸೀಳಿದ:
ಹಸಿರು ಗಂಜಿ, ಉಗುರಿನ ತುದಿಯಷ್ಟು.
ಬಿಸಿಲು ಕುಡಿದ ಪಾಚಿಯಂತೆ ಅದು.
ಪಾಚಿ ಬೂತಾಯಿಗೆ, ಬೂತಾಯಿ ಅಂಜಲಿಗೆ,
ಅಂಜಲು ಕಾಕ್ಸ್‌ಟೌನಿನ ಮದುವೆ ಮನೆಗೆ.
ಎಂಟೂವರೆಯ ಮೆಜೆಸ್ಟಿಕ್ ಬಸ್ಸಿನ ಹಾಗೆ
ಒಬ್ಬರೊಳಗೆ ಒಬ್ಬರು, ಒಬ್ಬರೊಳಗೆ ಒಬ್ಬರು.

ಜೂನು ಜುಲೈ, ಬೋಟುಗಳು ದಡ ಹತ್ತಿದ ಮೇಲೆ
ಪೆಟ್ಟಿಗೆಯಲ್ಲಿ ಆಂಧ್ರದ ಕೆರೆ ಮೀನು, ಉಪ್ಪಿನ ವಾಸನೆ ಇಲ್ಲ.
ಆ ಎರಡು ತಿಂಗಳಿಗೆ ನನ್ನಲ್ಲಿ ಒಂದೇ ಸಾಲು:
ಕಡಲು ಬಸುರಿ. ನೋಡಲು ಬಿಡುತ್ತಿಲ್ಲ.

ಮೊನ್ನೆ ಗುರುವಾರ ಒಂದು ಏಡಿ ಹಗ್ಗ ಬಿಚ್ಚಿಕೊಂಡಿತು.
ಅಳಿವೆಯ ಬದಿ, ಕಾಂಡ್ಲಾ ಬೇರಿನ ಬುಡದ ಬಿಲದಲ್ಲಿ ಬಲಿತದ್ದು,
ಘಟ್ಟ ಹತ್ತಿ ಎರಡು ದಿನ ಒದ್ದೆ ಗೋಣಿಯಲ್ಲಿ ಉಸಿರು ಹಿಡಿದದ್ದು,
ಅಡ್ಡಡ್ಡ ನಡೆದು ಚರಂಡಿಯಂಚಿಗೆ ಬಂದು ನಿಂತಿತು.
ಸುಮತಿ ಕೂಗಿದಳು. ದಸ್ತಗೀರ್ ಬುಟ್ಟಿ ಎಸೆದ, ತಪ್ಪಿತು.
ನನ್ನ ಚಪ್ಪಲಿಯ ಹತ್ತಿರವೇ ಇತ್ತು. ಹಿಡಿಯಲಿಲ್ಲ ನಾನು.
ಹದಿನೇಳು ವರ್ಷದ ಚಾಳಿ, ಬಾಯಿಗೆ ಬಂದದ್ದು ಒಂದೇ:
"ಎಲ್ಲಿಗೆ?"

ಈ ನೀರಿನ ರೂಟು ನನಗೆ ಗೊತ್ತು.
ಹಲಸೂರು ಕೆರೆ, ಬೆಳ್ಳಂದೂರು
(ಅಲ್ಲಿ ನೊರೆಯಲ್ಲಿ ಸ್ವಲ್ಪ ಜಾಮ್),
ವರ್ತೂರು, ಆಮೇಲೆ ದಕ್ಷಿಣ ಪಿನಾಕಿನಿ, ತಮಿಳುನಾಡಿನುದ್ದಕ್ಕೂ ಹೋಗಿ
ಕೊನೆಯ ಸ್ಟಾಪು ಮೂಡಣ ಕಡಲು.
ನೀನು ಪಡುವಣದವಳು ಕಣೇ. ತಪ್ಪು ಬಸ್ಸು, ಹತ್ತಬೇಡ.

ಕಡ್ಡಿಯ ಮೇಲಿನ ಕಣ್ಣೆರಡೂ ನನ್ನತ್ತ ತಿರುಗಿಸಿ,
ಟಿಕೆಟ್ ಅಂದರೆ "ಪಾಸ್" ಎಂದು ನುಗ್ಗುವ ಕಾಲೇಜು ಹುಡುಗಿಯರ ಹಾಗೆ
ಒಳಗೆ ಇಳಿದೇಬಿಟ್ಟಿತು.

ಸುಮತಿಗೆ ಮುನ್ನೂರೈವತ್ತು ಕೊಟ್ಟೆ.
ಬೇಡ ಅಂದಳು, ತೆಗೆದುಕೊಂಡಳು.

ಮರುರಾತ್ರಿ ಟಿಕೆಟ್ ಮಷೀನಿನ ಸೊನ್ನೆಯ ಮೇಲೆ
ಒಂದು ಹುರುಪೆ ಒಣಗಿ ಅಂಟಿತ್ತು.
ಬೆಳಕಿಗೆ ಹಿಡಿದರೆ ಮರದ ಹಾಗೆ ಉಂಗುರವಂತೆ,
ಎಣಿಸಿದರೆ ಮೀನಿನ ವಯಸ್ಸಂತೆ.
ದೊಮ್ಮಲೂರು ಬರುವವರೆಗೆ ಎಣಿಸಿದೆ.
ಎರಡೋ, ಎರಡೂವರೆಯೋ.
ಹಿಂದಿನ ಸೀಟಿನಿಂದ ಯಾರೋ:
"ಮೇಡಂ, ಚಿಲ್ಲರೆ."