ಏಳನೇ ಗಡ್ಡೆ

ಬೆಳಗಿನ ನಾಲ್ಕಕ್ಕೆ ಹಾಸನದ ಐಸು ಫ್ಯಾಕ್ಟರಿಯಲ್ಲಿ
ಏಳು ಗಡ್ಡೆ ಎಳೆದು ಹಾಕಿದರು ನಮ್ಮ ಗಾಡಿಗೆ.
ಗೋಣಿತಾಟು, ಅದರ ಮೇಲೆ ಮರದ ಹೊಟ್ಟು, ಮೇಲೆ ಟಾರ್ಪಾಲು,
ಅದರ ಮೇಲೆ ನಾನು ಮಾತಾಡದೆ ಬಿಗಿದ ಹಗ್ಗ.

ಮೂರು ದಿನವಾಗಿತ್ತು ಮಾತು ಬಿಟ್ಟು.
ಸಂಘದ ಹೆಂಗಸರು ಮನಾಲಿಗೆ ಹೋಗಲು ಕಟ್ಟಿದ ಚೀಟಿ;
ನನ್ನ ಪಾಲಿನ ಹದಿನಾಲ್ಕು ಸಾವಿರ
ಈ ಗಾಡಿಯ ಇಂಜಿನ್ನಿಗೆ ಹೋಯಿತು, ಒಂದು ಮಾತೂ ಕೇಳದೆ.
ಅವರು ಹೋದರು. ಫೋಟೋ ಬಂತು:
ಪಕ್ಕದ ಮನೆ ಜಯಂತಿ, ಬಾಡಿಗೆ ಕೋಟು, ಬಾಡಿಗೆ ಬೂಟು,
ಹಿಂದೆ ಬೆಟ್ಟದಿಂದ ಇಳಿಬಿದ್ದ ಬೆಳ್ಳನೆ ನಾಲಗೆ.
'ಹಿಮದ ಹೊಳೆ ಕಣೇ, ದಿನಕ್ಕೊಂದು ಗೇಣು ನಡೀತದಂತೆ'
ಅಂತ ಅವಳ ದನಿ, ಹಲ್ಲು ಕಟಕಟ.

ನನ್ನ ಹೆಸರು ಭಾಗೀರಥಿ. ಇಟ್ಟವನು ತಾತ,
ಶಾಂತಿಗ್ರಾಮದ ಕೆರೆಯಲ್ಲಿ ಬಲೆ ಬೀಸಿದವನು.
ಅವನು ಕಂಡ ದೊಡ್ಡ ಗಂಗೆ ಅಂದರೆ ಅದೇ,
ಕೋಡಿ ಬಿದ್ದ ವರ್ಷ.

ಚಿಕ್ಕಸ್ವಾಮಿ ಗಾಡಿ ಓಡಿಸುತ್ತಾನೆ, ನಾನು ಲೆಕ್ಕ.
ಹಳೇಬೀಡಿನ ಕೆರೆ ಏರಿ ಮೇಲೆ ಎರಡು ಗಡ್ಡೆ,
ಇನ್ನೂ ಕತ್ತಲು; ಟಾರ್ಚು ಬಾಯಲ್ಲಿ ಕಚ್ಚಿಕೊಂಡು
ಕಾಟ್ಲಾ ತೂಗುವ ಹುಡುಗರು.
ಬೆಳವಾಡಿಯಲ್ಲಿ ಒಂದು. ಚಿಕ್ಕಮಗಳೂರು ಮಾರ್ಕೆಟ್ಟಿನಲ್ಲಿ ಎರಡು,
ಕಬ್ಬಿನ ಹಾಲಿನವನಿಗೆ ಒಂದು, ಒಡೆದು, ಅರ್ಧ ಸಾಲ.

ದಾರಿಯುದ್ದಕ್ಕೂ ಹಿಂದೆ ತೊಟಕ್ ತೊಟಕ್.
ಕೆರೆಯಿಂದ ಕೆರೆಗೆ ನಾವು ಎಳೆದ ಒದ್ದೆ ಗೆರೆ
ಬಿಸಿಲಿಗೆ ಹಿಂದಿನಿಂದಲೇ ಅಳಿಯುತ್ತ ಬಂತು.
'ಕರಗೋದೆಲ್ಲ ನಮ್ ಲಾಭದಿಂದ್ಲೇ' ಅನ್ನುತ್ತಾನೆ ಯಾವಾಗಲೂ,
ಅದಕ್ಕೇ ಗೇರು ಬದಲಿಸುವ ಆತುರ,
ಅದಕ್ಕೇ ಇಪ್ಪತ್ತು ವರ್ಷದಲ್ಲಿ ಒಂದು ಕೆರೆಗೂ
ಕಾಲು ಇಳಿಬಿಟ್ಟು ಕೂತಿಲ್ಲ ನಾವು.

ಸಖರಾಯಪಟ್ಟಣ ದಾಟಿ ಅಯ್ಯನಕೆರೆಗೆ ಬಂದಾಗ ಹನ್ನೊಂದು.
ಏರಿಯ ಮೇಲೆ ಯಾರೂ ಇಲ್ಲ. ತೆಪ್ಪಗಳು ಬೋರಲು.
ಬಲೆ ಒಣಹಾಕಿದ್ದ ಮುದುಕನೊಬ್ಬ:
'ಕಂಟ್ರಾಕ್ಟರ ತಾಯಿ ತೀರ್ಕಂಡ್ರು. ಮೂರು ದಿವ್ಸ ನೀರಿಗಿಳಿಯಂಗಿಲ್ಲ.
ಫೋನ್ ಮಾಡ್ಲಿಲ್ವಾ?'
ಮಾಡಿದ್ದರೇನೋ. ಇರುವ ಒಂದೇ ಫೋನು
ಅವನ ಜೇಬಿನಲ್ಲಿ ಸತ್ತು ಬಿದ್ದಿತ್ತು.
ಅವನು ನನ್ನ ಮುಖ ನೋಡಿದ. ನಾನು ಬೆಟ್ಟ ನೋಡಿದೆ.

ವಾಪಸ್ಸು ಹೊತ್ತರೆ ಕಡೂರು ಮುಟ್ಟುವಷ್ಟರಲ್ಲಿ
ಕೂಸಿನಷ್ಟು; ಅರಸೀಕೆರೆಗೆ ಬರೀ ಗೋಣಿ.

'ಇಳ್ಸಾನ?' ಅಂದ.
ಎಲ್ಲಿಗೆ ಅಂತ ಕೇಳಲಿಲ್ಲ. ಕೇಳಿದ್ದರೆ ಮಾತಾಡಿದಂತಾಗುತ್ತಿತ್ತು.
ಆ ಕಡೆ ಅವನು, ಈ ಕಡೆ ನಾನು, ನಡುವೆ ಐವತ್ತು ಕೇಜಿ,
ಮೆಟ್ಟಿಲಿಳಿದೆವು, ಬಾಣಂತಿಯನ್ನು ಇಳಿಸುವ ಹಾಗೆ,
ಬೆರಳು ನನ್ನವೋ ಅವನವೋ ತಿಳಿಯದಷ್ಟು ಜೋಮು.
ನೀರಿಗೆ ಬಿಟ್ಟೆವು.

ಮುಳುಗಿತು. ಮತ್ತೆ ಎದ್ದಿತು, ಬೆನ್ನಷ್ಟೇ,
ಎಮ್ಮೆ ಎದ್ದ ಹಾಗೆ. ಬಿಳೀ ಎಮ್ಮೆ.
ಗಾಳಿ ಅದನ್ನು ನಿಧಾನ ಒಳಕ್ಕೆ ಕರೆದೊಯ್ದಿತು
ಶಕುನಗಿರಿಯ ತಲೆಕೆಳಗಾದ ತುದಿಯ ಕಡೆಗೆ.
ನೀರುಕಾಗೆಯೊಂದು ಬಂದು ಕೂತು,
ಕಾಲು ಸುಟ್ಟಂತಾಗಿ ಹಾರಿ, ಮತ್ತೆ ಬಂದು ಕೂತಿತು.
ನನಗೆ ನಗು ಬಂತು. ತಡೆದೆ. ಬಂತು.

ಚಪ್ಪಲಿ ಬಿಚ್ಚಿಟ್ಟು ನೀರಿಗೆ ಕಾಲು ಇಳಿಬಿಟ್ಟ ಚಿಕ್ಕಸ್ವಾಮಿ.
ಅವನ ಪಾದ ಇಷ್ಟು ಬೆಳ್ಳಗೆ ಅಂತ ಗೊತ್ತೇ ಇರಲಿಲ್ಲ.
'ಎಷ್ಟು ಹೊತ್ತು ಇರ್ತದೆ?' ಅಂದೆ.
ಮೂರು ದಿನದ ಮೇಲೆ ಮೊದಲ ಮಾತು, ಅದೂ ಐಸಿನ ಬಗ್ಗೆ.
'ನೋಡಾನ' ಅಂದ.
ಇನ್ನೂರ ಎಂಬತ್ತು ರೂಪಾಯಿ ಕಣ್ಣೆದುರೇ ತೇಲಿಹೋಗುತ್ತಿತ್ತು,
ಅವನು ವಾಚು ನೋಡಲಿಲ್ಲ.

ಇಂಜಿನ್ನಿನ ಮಾತು ಇನ್ನೂ ಮುಗಿದಿಲ್ಲ. ಮುಗಿಸುವುದೂ ಇಲ್ಲ ನಾನು.
ಜಯಂತಿಗೊಂದು ಫೋಟೋ ಕಳಿಸೋಣವೆಂದರೆ ಚಾರ್ಜಿಲ್ಲ.
ಗಡ್ಡೆ ಈಗ ಸೋಪಿನಷ್ಟು. ಕಾಣುತ್ತಿದೆ. ಇಲ್ಲ. ಕಾಣುತ್ತಿದೆ.
ಡಬ್ಬಿಯ ಅಕ್ಕಿರೊಟ್ಟಿ ಮುರಿದು, ಮೊದಲ ತುಂಡು ನನಗೆ ಚಾಚಿ,
ಎರಡನೆಯದನ್ನು ಅಗಿಯುತ್ತ, ನೀರಿನ ಕಡೆಗೇ ನೋಡುತ್ತ,
ಉಪ್ಪು ಕಮ್ಮಿ ಅನ್ನುತ್ತಾನೆ.

ಮೂರು ದಿನದಿಂದ ಹಾಗೇ ಹಾಕುತ್ತಿದ್ದೇನೆ.