ರಟ್ಟಿನ ಒಳಮೈ

ಎರಡನೇ ಪಿರಿಯಡ್, ಇಪ್ಪತ್ತಾರನೇ ಕೋಣೆ, ವಿಂಡ್ಸರ್.
ಕಿಟಕಿಯಾಚೆ ನದಿ, ನದಿಯಾಚೆ ಅಮೆರಿಕ,
ಅದೂ ಉತ್ತರಕ್ಕೆ.
ಇಲ್ಲಿ ದಿಕ್ಕುಗಳೂ ಹೇಳಿದ ಮಾತು ಕೇಳುವುದಿಲ್ಲ.
ಗೋಡೆಯ ಮೇಲೆ ಶಿಲುಬೆ,
ಶಿಲುಬೆಯ ಕೆಳಗೆ ಭೂಪಟ,
ಭೂಪಟದ ಕೆಳಗೆ ಮಿಸೆಸ್ ಕೊಲೌಟ್ಟಿ,
ತೋಳ ತುಂಬ ಕಾದಂಬರಿ:
"ಈ ವರ್ಷ ಲೋಕ ಸುತ್ತೋಣ ಮಕ್ಕಳೇ,
ಬಸ್ಸು ಹತ್ತದೆ."

ಸೆಪ್ಟೆಂಬರಿನಲ್ಲಿ ಒಂದು ದ್ವೀಪ.
ಅಕ್ಟೋಬರಿನಲ್ಲಿ ಒಂದು ಯುದ್ಧ, ಒಬ್ಬಳು ಅಜ್ಜಿ, ಮೀನಿನ ಸಾರು.
"ಬಹುಸಂಸ್ಕೃತಿ ಅಂದರೆ
ಎಲ್ಲ ಪುಸ್ತಕದಲ್ಲೂ ಒಬ್ಬಳು ಅಜ್ಜಿ"
ಎಂದ ಥಿಯೆನ್. ಪರೀಕ್ಷೆಯಲ್ಲೂ ಅದನ್ನೇ ಬರೆದ.
ಇಪ್ಪತ್ತಕ್ಕೆ ಹದಿನಾಲ್ಕು.

ನವೆಂಬರಿನಲ್ಲಿ ನನ್ನ ಸರದಿ.
ಅಂದರೆ, ಇರಾಕಿನದು.
ಮೊದಲ ಸಾಲಲ್ಲೇ ಅಂಗಳ, ಅಂಗಳದಲ್ಲಿ ಅಂಜೂರ.
ಇಪ್ಪತ್ತೆಂಟು ತಲೆ ನನ್ನತ್ತ ಹೊರಳಿದವು.
"ಶಮಿರಾಮ್, ನಿಮ್ಮಲ್ಲಿ ಹೀಗೆಯೇ ಅಲ್ಲವೇ?"
ನಮ್ಮಲ್ಲಿ!
ಬಂದಾಗ ನನಗೆ ಮೂರು ವರ್ಷ.
ನೆನಪಿರುವುದು ಒಂದು ಬಸ್ಸು, ಯಾರದೋ ಮಡಿಲು,
ಒಂದು ಕಿತ್ತಳೆ,
ಅದನ್ನು ಸುಲಿಯಗೊಡದ ಒಂದು ಕೈ.
"ಹೌದು ಮಿಸ್" ಅಂದೆ.
ಮುಂದಿನ ಪಿರಿಯಡ್ ಧರ್ಮಬೋಧೆ,
ಅಂದಿನ ಪಾಠ ಎಂಟನೆಯ ಕಟ್ಟಳೆ, ಸುಳ್ಳು ಸಾಕ್ಷಿ ಹೇಳಬೇಡ.
ದೇವರಿಗೆ ನಮ್ಮ ಟೈಮ್‌ಟೇಬಲ್ ಬಾಯಿಪಾಠ.

ರಾತ್ರಿ ಅಡುಗೆಮನೆಯಲ್ಲಿ ಆ ಪುಟವನ್ನು
ಇಂಗ್ಲಿಷಿನಿಂದ ಬಿಡಿಸಿ ಬಿಡಿಸಿ
ಮನೆಯ ಮಾತಿನಲ್ಲಿ ಓದಿದೆ.
ಅಮ್ಮ ಈರುಳ್ಳಿ ಹೆಚ್ಚುತ್ತಲೇ ಕೇಳಿದಳು:
"ಅಂಜೂರವೇ? ನಮ್ಮದು ಎರಡನೇ ಮಹಡಿ,
ಕೆಳಗೆ ಟೈರಿನ ಅಂಗಡಿ.
ಟೈರಿನ ವಾಸನೆ ಬರೆದಿದೆಯೇನು?"
ಇಲ್ಲ.
"ಹಾಗಾದರೆ ಇದು ಬೇರೆಯವರ ಕತೆ" ಅಂದಳು,
ಕಣ್ಣೊರೆಸಿಕೊಂಡಳು, ಈರುಳ್ಳಿಯ ಕಣ್ಣು.
"ನಿಲ್ಲಿಸಿದೆಯೇಕೆ? ಮುಂದೇನಾಯಿತು?"

ಅಂದಿನಿಂದ ದಿನಕ್ಕೆ ಮೂರು ಪುಟ.
ನನ್ನ ನಾಲಿಗೆಗೆ ಅಷ್ಟೇ ದೂರ ನಡಿಗೆ ಗೊತ್ತು.
"ವಿಷಾದ"ಕ್ಕೆ ನಮ್ಮಲ್ಲಿ ಏನೆನ್ನುತ್ತಾರೆ ಅಮ್ಮ?
"ಏನೂ ಅನ್ನುವುದಿಲ್ಲ. ಚಹಾ ಇಡುತ್ತಾರೆ."

ಪುಸ್ತಕ ಶಾಲೆಯದು.
ರಟ್ಟಿನ ಒಳಮೈಗೆ ಅಂಟಿಸಿದ ಚೀಟಿಯಲ್ಲಿ
ಹೆಸರು, ವರ್ಷ, ಪುಸ್ತಕದ ಸ್ಥಿತಿ.
ಲೊರೆಂಜಾ ಪಿಗಾಟ್, ಹೊಸದು.
ಡ್ಯಾನಿಯೆಲ್ ಟೆಸಿಯೆ, ಚೆನ್ನಾಗಿದೆ.
ಗ್ರಝಿನಾ ವೊಲ್ಸ್ಕಾ, ಚೆನ್ನಾಗಿದೆ.
ಎಲಿಯಾಸ್ ಖಟ್ಟಾರ್, ನೀರು ಬಿದ್ದಿದೆ.
ಒಂದು ಹೆಸರು, ಕಾಗದ ಹರಿಯುವಷ್ಟು ಗೀಚಿದ್ದು.
ಸೆಲಾಮಾವಿತ್ ತೆಸ್ಫು, ಬೆನ್ನು ಸಡಿಲ.
ಯಾರೂ ಪಾಠ ಮಾಡದ ಪುಟ ಇದು,
ಪ್ರಶ್ನೆಪತ್ರಿಕೆಗೂ ಬಾರದು.

ಪಕ್ಕದ ಡೆಸ್ಕಿನ ಡ್ರೂ ಟೆಸಿಯೆ ಇಣುಕಿದ.
"ನಮಗೆ ಸಂಸ್ಕೃತಿ ಗಿಂಸ್ಕೃತಿ ಇಲ್ಲ, ಹಾಕಿಯೊಂದೇ"
ಎಂದು ವರ್ಷವಿಡೀ ನಗಿಸಿದವನು.
"ಅದು ನಮ್ಮಪ್ಪ" ಅಂದ.
ವ್ಯಾನ್ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸುವ ಅಪ್ಪ,
ಪುಸ್ತಕ ಮುಟ್ಟಿದ್ದನ್ನು ಯಾರೂ ಕಾಣದ ಅಪ್ಪ.
ನೂರಾ ಹನ್ನೆರಡನೇ ಪುಟದ ಅಂಚಿನಲ್ಲಿ,
ಕಾದಂಬರಿಯ ತಂದೆ ಮಗನೊಡನೆ ಮಾತು ಬಿಟ್ಟಲ್ಲಿ,
ಅದೇ ವಾಲುವ ಅಕ್ಷರ, ಮಾಸಿದ ಪೆನ್ಸಿಲ್:
"ನಮ್ಮಪ್ಪನೂ ಹೀಗೇ."
ಡ್ರೂ ಬೆರಳಿಟ್ಟ. ತೆಗೆಯಲಿಲ್ಲ.
ಬೆಲ್ಲು ಹೊಡೆಯಿತು. ಆಗಲೂ.

ಜೂನ್. ಪುಸ್ತಕ ಹಿಂದಿರುಗಿಸುವ ದಿನ.
ಸೆಲಾಮಾವಿತಳ ಕೆಳಗೆ ನನ್ನ ಹೆಸರು ಬರೆದೆ,
ಅಮ್ಮನ ಲಿಪಿಯಲ್ಲಿ, ಬಲದಿಂದ ಎಡಕ್ಕೆ.
ಸ್ಥಿತಿಯ ಮನೆ ಖಾಲಿ ಬಿಟ್ಟೆ.
ಈರುಳ್ಳಿ ವಾಸನೆಗೆ ಅಲ್ಲಿ ಪದವಿಲ್ಲ.
ಮಿಸೆಸ್ ಕೊಲೌಟ್ಟಿ ಕೈ ಚಾಚಿದರು.
"ಇನ್ನು ಎರಡು ವಾರ ಮಿಸ್,
ನಾನು ಮುಗಿಸಿದ್ದೇನೆ.
ಅಮ್ಮನಿಗಿನ್ನೂ ನಲವತ್ತು ಪುಟ ಇದೆ."